ಗೋಡೆಗೆ ತಾಗಿದ ಬಲಗೈ

ಜೂನ್ ೩, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಇವತ್ತೇ ಕಚ್ಚಿಸಿಕೊಂಡೆ.

ಮುದುಕಿಯರನ್ನು ನೋಡಿಕೊಳ್ಳುವ ಮನೆ ಇದು. ಹದಿಮೂರು ಮುದುಕಿಯರು, ಹಗಲಿಗೆ ಇಬ್ಬರು ಕೆಲಸದವರು. ಒಬ್ಬರು ದೊಡ್ಡಕ್ಕ, ಇನ್ನೊಬ್ಬಳು ನಾನು. ದೊಡ್ಡಕ್ಕ ಯಾರಿಗೂ ಅಕ್ಕ ಅಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದಾರೆ ಅಂತ ಎಲ್ಲರೂ ಹಾಗೆ ಕರೆಯುತ್ತಾರೆ. ನನ್ನ ಮುಖ ನೋಡಿದ್ದೇ "ಬಾರೇ ಮುಳ್ಳುಹಂದಿ" ಅಂದರು. ಬೇರೆ ಯಾರಾದರೂ ಅಂದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಇವರು ಬಿಸಿ ಚಹಾ ಕೈಗೆ ಕೊಟ್ಟು ಅಂದರು.

"ಎಷ್ಟನೇ ಕ್ಲಾಸು?" ಅಂತ ಮೇಡಂ ಕೇಳಿದರು. ಈ ಮನೆ ನಡೆಸುವವರು ಅವರೇ. ಒಂಬತ್ತು ಅಂದೆ. "ಯಾಕೆ ಬಿಟ್ಟೆ?" ಲೆಕ್ಕದ ಮೇಷ್ಟ್ರು ನನ್ನ ಮೇಲೆ ಡಸ್ಟರ್ ಎಸೆದರು, ನಾನು ಅದನ್ನೇ ವಾಪಸ್ ಎಸೆದೆ. ಅವರ ಗುರಿ ತಪ್ಪಿತು, ನನ್ನದು ತಪ್ಪಲಿಲ್ಲ. ಇದನ್ನು ಹೇಳಲಿಲ್ಲ. ಮನೆ ಕಡೆ ಕಷ್ಟ ಅಂದೆ.

ಮೂರು ತಿಂಗಳು ನೋಡುತ್ತಾರಂತೆ. ದೊಡ್ಡಕ್ಕ ಹೂಂ ಅಂದರೆ ಸೆಪ್ಟೆಂಬರ್‌ನಿಂದ ಖಾಯಂ. ಆಮೇಲೆ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಮಂಚ, ಬಾಗಿಲಿಗೆ ಒಳಗಿನಿಂದ ಚಿಲಕ. ಅಲ್ಲಿಯವರೆಗೆ ಸಾಮಾನಿನ ಕೋಣೆಯಲ್ಲಿ ಹಾಸಿಕೊಳ್ಳಬೇಕು. ದೊಡ್ಡಕ್ಕ ಊಹೂಂ ಅಂದರೆ ಅಣ್ಣನ ಮನೆಗೆ ವಾಪಸ್. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ. ಅವನೇ ಒದ್ದು ಕಿತ್ತದ್ದು.

ಕಚ್ಚಿದವಳು ಮೂಲೆ ಮಂಚದ ಇಸ್ತ್ರಿ ಮುದುಕಿ. ನಲವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿದವಳಂತೆ. ಲಕ್ವ ಹೊಡೆದು ಎಡಗೈ, ಎಡಗಾಲು ಹೋಗಿವೆ. ಬಲಗೈ ಮಾತ್ರ ಒನಕೆಯ ಹಾಗೆ ಗಟ್ಟಿಯಾಗಿದೆ. ಉರುಳಿ ಬೀಳಬಾರದೆಂದು ಮಂಚವನ್ನು ಅವಳ ಬಲ ಮಗ್ಗುಲಿಗೆ ಗೋಡೆ ಬರುವ ಹಾಗೆ ಹಾಕಿದ್ದಾರೆ. ಹಾಗಾಗಿ ಯಾರೇ ಹೋದರೂ ಎಡಗಡೆಯಿಂದಲೇ ಹೋಗಬೇಕು. ಹೋದೆ, ಬಟ್ಟೆ ಬದಲಿಸಲು ಮಗ್ಗುಲು ತಿರುಗಿಸಿದೆ, ಮುಂಗೈಗೆ ಬಾಯಿ ಹಾಕಿದಳು. ಇರುವುದು ಆರೇ ಹಲ್ಲು, ಆರೂ ನಾಟಿದವು.

"ಮೊದಲನೇ ದಿನ ಎಲ್ಲರಿಗೂ ಕಚ್ತಾಳೆ" ಅಂದರು ದೊಡ್ಡಕ್ಕ. "ಹಾಜರಿ ಹಾಕ್ದಂಗೆ ಅದು."

ಯಾರು ಎಷ್ಟು ತಿಂದರು, ಎಷ್ಟು ಸಲ ಹೋದರು ಅಂತ ಬರೆಯಲು ಮೇಡಂ ಒಂದು ವರದಿ ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ ಬರೆಯಲಾಗದ್ದನ್ನು ಇದರಲ್ಲಿ ಬರೆಯುತ್ತೇನೆ. ಯಾರೂ ಓದುವುದಿಲ್ಲ, ಅದೇ ಇದರ ಸುಖ.

ಜೂನ್ ೫, ಬುಧವಾರ

ಹುಬ್ಬು ಸೀಳಿದೆ. ಎರಡು ಹೊಲಿಗೆ.

ನೀರು ಕುಡಿಸಲು ಹೋಗಿದ್ದೆ. ಒಂದು ಕೈಯಿಂದ ತಲೆ ಎತ್ತಿ, ಇನ್ನೊಂದು ಕೈಯಿಂದ ಲೋಟ ಬಾಯಿಗಿಟ್ಟೆ. ಲೋಟ ಕಿತ್ತುಕೊಂಡು ಅದರ ಅಂಚಿನಿಂದಲೇ ಕೊಟ್ಟಳು. ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. ಮುದುಕಿ ಛಾವಣಿ ನೋಡುತ್ತಾ "ಯಾರ್ರೀ ಅದು, ಯಾರು, ಯಾರು" ಅಂತ ಕೂಗುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೇನೆ, ರಕ್ತ ಸುರಿಸುತ್ತಾ. ನನ್ನನ್ನು ನೋಡಿ ಯಾರು ಅಂತ ಕೇಳಿದ್ದರೆ ಒಂದು ಮಾತು. ನೋಡಲೇ ಇಲ್ಲ. ಅಷ್ಟು ಸೊಕ್ಕು.

ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ದೊಡ್ಡಕ್ಕ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೂರಿಸಿಕೊಂಡರು.

"ನೋಡು, ಮುಖಕ್ಕೆ ಬೇಡ, ಕೈಗೆ ಬೇಡ. ಭಾನುವಾರ ಮಗಳು ಬಂದು ನೋಡೋ ಜಾಗ ಅವು. ಒದ್ದೆ ಟವೆಲ್ ಕೈಗೆ ಸುತ್ಕೊಂಡು ಹೊಡೆದ್ರೆ ಗುರುತು ಉಳಿಯಲ್ಲ. ಕಂಕುಳಲ್ಲಿ ಚಿವುಟಿದ್ರೆ ಯಾರೂ ಎತ್ತಿ ನೋಡಲ್ಲ."

ಅಡುಗೆ ಹೇಳಿಕೊಡುವ ದನಿಯಲ್ಲೇ ಹೇಳಿದರು. ಆಮೇಲೆ ತಮ್ಮ ಬಲಗೈ ಕಿರುಬೆರಳು ತೋರಿಸಿದರು. ಸೊಟ್ಟಗಿದೆ. "ಇದು ಆ ಮಂಚದಲ್ಲಿ ಹಿಂದೆ ಇದ್ದೋಳು ಮುರಿದದ್ದು. ಅವತ್ತು ನಂಗೆ ಯಾರೂ ಇದನ್ನ ಹೇಳಿಕೊಟ್ಟಿರಲಿಲ್ಲ."

ಮುಖಕ್ಕೆ ತಾವೇ ಮುಲಾಮು ಹಚ್ಚಿದರು. ನನ್ನಮ್ಮ ಕೂಡ ಹಾಗೆ ಹಚ್ಚಿದವಳಲ್ಲ.

ಜೂನ್ ೯, ಭಾನುವಾರ

ಮುದುಕಿಯ ಮಗಳು ಬಂದಿದ್ದಳು. ದಾರದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬೆರಳ ತುದಿಯೆಲ್ಲಾ ಕೊಯ್ದುಕೊಂಡಿದೆ. ಸ್ಟೂಲ್ ಎಳೆದುಕೊಂಡು ಕೂತು ತಾಯಿಯ ಉಗುರು ಕತ್ತರಿಸಿದಳು, ಸತ್ತ ಕೈಯದ್ದು. ಮುದುಕಿ ಪೂರ್ತಿ ಹೊತ್ತು ಗೋಡೆ ಕಡೆ ಮುಖ ಮಾಡಿಕೊಂಡಿತ್ತು. ಮಗಳು "ಅಮ್ಮಾ, ಅಮ್ಮಾ" ಅನ್ನುವುದು, ಅದು ಗೋಡೆಗೆ "ಎಲ್ಲಿದೀಯೇ" ಅನ್ನುವುದು. ಹೋಗುವಾಗ ಅತ್ತಳು.

"ನಿಮ್ಮಮ್ಮನಿಗೆ ನಿಮ್ಮ ಮೇಲೆ ಸಿಟ್ಟಾ?" ಅಂತ ಕೇಳಿದೆ.

"ಇಲ್ಲಿ ಬಿಟ್ಟಿದ್ದಕ್ಕೆ ಇರಬೇಕು" ಅಂದಳು. ನನ್ನ ಹುಬ್ಬಿನ ಹೊಲಿಗೆ ನೋಡಿ ತಲೆ ತಗ್ಗಿಸಿದಳು. "ಅಮ್ಮನಾ?"

ಹೌದು ಅಂದೆ. ಅವಳ ಮರ್ಯಾದೆ ಕಾಪಾಡಲು ನನಗೇನು ಬಂದಿದೆ.

ಜೂನ್ ೧೪, ಶುಕ್ರವಾರ

ಹೊಡೆದೆ.

ಗಂಜಿ ತಟ್ಟೆ ಕೊಟ್ಟಿದ್ದೆ. ದಿನಾ ಹಾಗೇ, ಅರ್ಧ ತಿಂದು ಅರ್ಧ ಬಿಟ್ಟು "ಹಸಿವು, ಹಸಿವು, ಈ ಮನೇಲಿ ಅನ್ನ ಹಾಕಲ್ಲ" ಅಂತ ಹದಿಮೂರು ಮಂದಿಗೂ ಕೇಳುವ ಹಾಗೆ ಅರಚುತ್ತಾಳೆ. ಮುಂದೆಯೇ ತಟ್ಟೆ ಇದೆ, ಗಂಜಿ ಇದೆ, ಕೈಯೂ ಇದೆ. ಮೇಡಂ ಬಂದು "ಯಾಕಮ್ಮ, ತಿನ್ನಿಸಲ್ವಾ ನೀನು" ಅಂತ ನನ್ನ ಮೇಲೆ ಎಗರಾಡಿ ಹೋದರು. ಮೇಡಂ ಹೋದ ಮೇಲೆ ಬಾಯಿ ಒರೆಸಲು ಬಗ್ಗಿದೆ. ಮುಷ್ಟಿ ಕಟ್ಟಿ ಹೊಲಿಗೆಯ ಮೇಲೇ ಗುದ್ದಿದಳು. ಹೊಲಿಗೆ ಬಿಚ್ಚಿಕೊಂಡಿತು.

ಟವೆಲ್ ನೆನಪಾಗಲಿಲ್ಲ. ಬರಿಗೈಯಲ್ಲೇ ಕೊಟ್ಟೆ, ಕೆನ್ನೆಗೆ, ಎರಡು. ತಲೆ ಗೋಡೆಗೆ ತಾಗಿತು. ಅರಚಾಟ ಕತ್ತರಿಸಿದ ಹಾಗೆ ನಿಂತಿತು. ಪಕ್ಕದ ಮಂಚದ ಮುದುಕಿ ಹೊದಿಕೆ ಮುಖಕ್ಕೆಳೆದುಕೊಂಡಳು.

ಕೈಗೆ ಹಾಯೆನಿಸಿತು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಏನು ಮಾಡಲಿ. ಸೇರಿದಂದಿನಿಂದ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಜೂನ್ ೧೫, ಶನಿವಾರ

ಯಾರೂ ಏನೂ ಕೇಳಲಿಲ್ಲ.

ಜೂನ್ ೨೫, ಮಂಗಳವಾರ

ಇವತ್ತು ರಜೆ. ಅಮ್ಮನನ್ನು ನೋಡಿಬರೋಣ ಅಂತ ಅಣ್ಣನ ಮನೆಗೆ ಹೋದೆ. ಹೋಗಬಾರದಿತ್ತು.

ಅಣ್ಣ ಕೆಲಸ ಬಿಟ್ಟು ಮನೆಯಲ್ಲೇ ಬಿದ್ದಿದ್ದಾನೆ. "ಬಂದ್ಳು ನೋಡು ಹೇಲು ಬಾಚೋಳು" ಅಂದ. "ನೀನು ತಿನ್ನೋದಕ್ಕಿಂತ ನಾನು ಬಾಚೋದು ವಾಸಿ" ಅಂದೆ. ಎದ್ದು ಬಂದು ಕೂದಲು ಹಿಡಿದ. ಹಳೆಯ ಲೆಕ್ಕದಲ್ಲಿ ನಾನು ಅಳಬೇಕಿತ್ತು. ಒಲೆ ಮೇಲಿದ್ದ ಕಬ್ಬಿಣದ ಬಾಣಲೆ ಎತ್ತಿ ಮೊಣಕಾಲಿನ ಚಿಪ್ಪಿಗೆ ಬೀಸಿದೆ. ಕೆಳಗೆ ಬಿದ್ದ. ಬಿದ್ದವನಿಗೆ ಇನ್ನೂ ಎರಡು ಕೊಟ್ಟೆ, ಬೆನ್ನಿಗೆ. ಬಾಣಲೆಯ ಹಿಡಿ ಕಿತ್ತುಬಂತು. ಅವನು ನರಳುತ್ತಾ ಬಚ್ಚಲಿಗೆ ತೆವಳಿದ.

ಅಮ್ಮ ಮೂಲೆಯಲ್ಲಿ ನಿಂತಿದ್ದಳು. ಹೆದರಬೇಡ ಅಂತ ಅವಳ ಹೆಗಲ ಮೇಲಿದ್ದ ಮಸಿ ಒರೆಸಲು ಕೈ ಚಾಚಿದೆ. ಅಮ್ಮ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು.

ನಾನೇನು ಅವಳನ್ನು ಹೊಡೆಯಲು ಹೋಗಿದ್ದೆನೇ? ಅವಳಿಗಾಗಿಯೇ ಇಷ್ಟೆಲ್ಲಾ. ಬೇಜಾರಾಗಿ ಚಹಾ ಕುಡಿಯದೆ ಬಂದೆ.

ಇನ್ನು ಆ ಮನೆಗೆ ಕಾಲಿಟ್ಟರೆ ಅವನು ನನ್ನನ್ನು ಉಳಿಸುವುದಿಲ್ಲ. ಸೆಪ್ಟೆಂಬರ್‌ವರೆಗೆ ಇಲ್ಲಿ ಕಚ್ಚಿಕೊಂಡಿರಲೇಬೇಕು.

ಜುಲೈ ೮, ಸೋಮವಾರ

ಇವತ್ತು ಒಂದು ವಿಚಿತ್ರ ನಡೆಯಿತು. ಸರಿಯಾಗಿ ಬರೆದಿಡುತ್ತೇನೆ.

ಮಧ್ಯಾಹ್ನ ಮತ್ತೆ ಅದೇ ರಗಳೆ. ಅರ್ಧ ತಿಂದು ಹಸಿವು ಹಸಿವು ಅಂತ. ನಾಲ್ಕು ಸಲ ಹೊಡೆದಾಗಿದೆ ಇಲ್ಲಿಯವರೆಗೆ, ಬುದ್ಧಿ ಬಂದಿಲ್ಲ. ಸಿಟ್ಟು ನೆತ್ತಿಗೇರಿ ತಟ್ಟೆ ಕಿತ್ತುಕೊಂಡು ಅವಳ ಮುಂದಿನ ಹಲಗೆ ಮೇಲೆ ಕುಕ್ಕಿದೆ. ತಟ್ಟೆ ಗಿರ್ರಂತ ತಿರುಗಿ ನಿಂತಿತು. ಗಂಜಿ ಇದ್ದ ಅರ್ಧ ಈಗ ಗೋಡೆ ಕಡೆಗೆ ಬಂತು.

ಮುದುಕಿ ತಟ್ಟೆ ನೋಡಿ, "ಅಬ್ಬಾ, ಈಗ ತಂದ್ರಾ" ಅಂದು ಚಮಚ ಹಾಕಿ ತಿನ್ನತೊಡಗಿತು. ಪೂರ್ತಿ ತಿಂದಿತು. ನೆಕ್ಕಿ ಇಟ್ಟಿತು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಸಂಜೆ ಬ್ರೆಡ್ಡು ಹಾಲಿನ ಹೊತ್ತಿಗೆ ಬೇಕಂತಲೇ ಬ್ರೆಡ್ಡನ್ನು ತಟ್ಟೆಯ ಎಡಕ್ಕಿಟ್ಟೆ. ಖಾಲಿ ತಟ್ಟೆ ಕೊಟ್ಟೆ ಅಂತ ಬೈದಳು. ತಿರುಗಿಸಿದೆ. ತಿಂದಳು.

ಜುಲೈ ೯, ಮಂಗಳವಾರ

ಬೆಳಿಗ್ಗೆ ಎಡಗಡೆ ನಿಂತು ಕೈ ಬೀಸಿದೆ. ನಾಲಿಗೆ ಚಾಚಿದೆ. ಕುಣಿದೆ. ಏನೂ ಇಲ್ಲ. ಕಾಲಿನ ಕಡೆಯಿಂದ ಮಂಚ ಹತ್ತಿ, ಗೋಡೆಗೂ ಅವಳಿಗೂ ನಡುವೆ ಸಂದಿಯಲ್ಲಿ ತೂರಿಕೊಂಡು ಮಂಡಿಯೂರಿ ಕೂತೆ. ಮುದುಕಿಯ ಕಣ್ಣು ನೇರ ನನ್ನ ಮೇಲೆ ಬಂತು.

"ಯಾರಮ್ಮ ನೀನು? ಬಟ್ಟೆ ಕೊಡಕ್ಕೆ ಬಂದ್ಯಾ? ನಾಳೆ ಸಂಜೆಗೆ ಸಿಗತ್ತೆ."

ಒಂದು ತಿಂಗಳ ಮೇಲಾಯಿತು, ದಿನಾ ಇವಳ ಹೇಲು ಉಚ್ಚೆ ಬಾಚುತ್ತಿದ್ದೇನೆ. ಇವತ್ತು ಮೊದಲ ಸಲ ನೋಡಿದಳು.

ಅಂದರೆ ಎಡಗಡೆ ಇವಳಿಗೆ ಇಲ್ಲವೇ ಇಲ್ಲ. ಕುರುಡು ಅಂತಲೂ ಅಲ್ಲ, ಕುರುಡರು ಹುಡುಕುತ್ತಾರೆ. ಇವಳು ಹುಡುಕುವುದೂ ಇಲ್ಲ. ಅಲ್ಲಿ ಜಗತ್ತೇ ಇಲ್ಲದಿದ್ದರೆ ಏನು ಹುಡುಕುವುದು. ಆ ಇಲ್ಲದ ಕಡೆಯಿಂದ ನಾವು ದಿನಕ್ಕೆ ಎಂಟು ಸಲ ಬಂದು ಹೊದಿಕೆ ಕೀಳುತ್ತೇವೆ, ಲಂಗ ಎತ್ತುತ್ತೇವೆ, ಬಾಯಿಗೆ ಲೋಟ ತುರುಕುತ್ತೇವೆ. ನನಗೆ ಯಾರಾದರೂ ಹಾಗೆ ಮಾಡಿದರೆ ಲೋಟದ ಏಟಿಗೆ ನಿಲ್ಲಿಸುತ್ತಿರಲಿಲ್ಲ.

ದೊಡ್ಡಕ್ಕನಿಗೆ ಹೇಳಿದೆ. ಬಟ್ಟೆ ಹಿಂಡುತ್ತಿದ್ದರು, ನಕ್ಕರು. "ಒಂಬತ್ತನೇ ಕ್ಲಾಸು ಡಾಕ್ಟ್ರಮ್ಮ. ಇನ್ನೂ ಹನ್ನೆರಡು ಮಂದಿ ಡೈಪರ್ ಇದೆ, ನಡಿ."

ಮಂಚ ಆಚೆ ಗೋಡೆಗೆ ಹಾಕೋಣ ಅಂದೆ. ಅಲ್ಲಿ ಬಾಗಿಲಿದೆ, ಆಗಲ್ಲ ಅಂದರು. ಒಂದು ಗಂಟೆ ಯೋಚಿಸಿದೆ, ಆಮೇಲೆ ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಮಂಚ ಯಾಕೆ ಸರಿಸಬೇಕು. ದಿಂಬು ಎತ್ತಿ ಕಾಲಿನ ಕಡೆ ಹಾಕಿದೆ, ತಲೆ ಈ ಕಡೆಗೆ ಮಲಗಿಸಿದೆ. ಮುಗಿಯಿತು. ಗೋಡೆ ಎಡಕ್ಕೆ ಹೋಯಿತು, ಬಲಗಡೆ ತೆರೆದುಕೊಂಡಿತು.

ಮಧ್ಯಾಹ್ನ ಬಲಗಡೆಯಿಂದ ಹೋಗಿ, "ಅಜ್ಜಿ, ಬಟ್ಟೆ ಬದಲಿಸ್ತೀನಿ" ಅಂದು, ಕಾಣುವ ಹಾಗೆ ಕೈ ತೋರಿಸಿ, ತಿರುಗಿಸಿದೆ. ಬೈದಳು. ಹೊಡೆಯಲಿಲ್ಲ.

ಜುಲೈ ೧೪, ಭಾನುವಾರ

ಮಗಳು ಬಂದಳು. ಸ್ಟೂಲ್ ಎಳೆಯುವ ಮೊದಲೇ ತೋಳು ಹಿಡಿದು ಬಲಗಡೆ ಕೂರಿಸಿದೆ. ಇಲ್ಲಿ ಕೂತು ಕರೀರಿ ಅಂದೆ.

"ಅಮ್ಮಾ."

ಅಜ್ಜಿ ನೋಡಿದಳು. "ಬಂದ್ಯಾ? ಎಷ್ಟು ದಿನ ಆಯ್ತೇ. ಒಂದು ಸಲಾನೂ ಬಂದು ನೋಡಲ್ಲ ನೀನು."

ಮಗಳು ಪ್ರತಿ ಭಾನುವಾರ ಬಂದಿದ್ದಾಳೆ, ಏಳು ತಿಂಗಳು. ತಾಯಿ ಕೈಯನ್ನು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು. ಅಜ್ಜಿ ಕೈ ಎಳೆದುಕೊಂಡು ಅವಳ ಅಂಗಿಯ ತೋಳು ನೋಡಿ, "ಯಾರು ಇಸ್ತ್ರಿ ಮಾಡಿದ್ದಿದು, ಮಡಿಕೆ ಮೇಲೆ ಮಡಿಕೆ" ಅಂದು ಅಂಗೈಯಿಂದ ಉಜ್ಜಿ ಉಜ್ಜಿ ಸರಿಮಾಡುತ್ತಿದ್ದಳು.

ಹೋಗುವಾಗ ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಕೈಗೆ ಪುಣ್ಯ ಬರ್ಲಿ ತಂಗೀ" ಅಂದಳು.

ಕೈ ಬಿಡಿಸಿಕೊಂಡೆ. ಬಾತ್‌ರೂಮ್ ತೊಳೆಯುವುದಿತ್ತು.

ಜುಲೈ ೨೨, ಸೋಮವಾರ

ಇವತ್ತು ಬಲಗಡೆಯಿಂದಲೇ ಹೋಗಿದ್ದೆ. ಅಜ್ಜಿ ಕಚ್ಚಲಿಲ್ಲ, ಗುದ್ದಲಿಲ್ಲ. ಬಟ್ಟೆ ಬದಲಿಸಿ ಮುಗಿಸಿದ ಕ್ಷಣದಲ್ಲೇ ಮತ್ತೆ ಹೇತುಬಿಟ್ಟಳು, ಮೂರನೇ ಸಲ. ಹೊಡೆದೆ. ಬೆನ್ನಿಗೆ, ತೊಡೆಗೆ.

ಇಷ್ಟು ದಿನ ಅವಳು ಹೊಡೆಯುತ್ತಾಳೆ, ಅದಕ್ಕೆ ಹೊಡೆದೆ ಅನ್ನುತ್ತಿದ್ದೆ. ಇವತ್ತಿನದಕ್ಕೆ ಏನು ಹೇಳಲಿ. ಅಜ್ಜಿ ನನ್ನನ್ನು ನೋಡುತ್ತಲೇ ಹೊಡೆಸಿಕೊಂಡಳು. ಮೊದಲಾದರೆ ನೋಡುತ್ತಿರಲಿಲ್ಲ.

ರಾತ್ರಿ ಉಣ್ಣಲಿಲ್ಲ. ಹೊಟ್ಟೆ ಕೆಟ್ಟಿದೆ.

ಜುಲೈ ೩೦, ಮಂಗಳವಾರ

ದಿಂಬಿನ ಯುದ್ಧ. ನಾನು ದಿಂಬನ್ನು ಈ ಕಡೆ ಹಾಕುತ್ತೇನೆ, ದೊಡ್ಡಕ್ಕ ಬಂದು ಆ ಕಡೆ ಹಾಕುತ್ತಾರೆ. ಕರೆಗಂಟೆ ಆ ಕಡೆ ಇದೆ, ಗೋಡೆಯ ಮೇಲೆ ಮಂಚದ ನಂಬರು ಆ ಕಡೆ ಇದೆ, ತಲೆಯೂ ಆ ಕಡೆಯೇ ಇರಬೇಕಂತೆ.

"ಅಜ್ಜಿ ಯಾವತ್ತು ಗಂಟೆ ಒತ್ತಿದಾಳೆ?" ಅಂದೆ.

"ನಿನಗೆ ಸೆಪ್ಟೆಂಬರ್ ಬೇಕೋ, ದಿಂಬು ಬೇಕೋ?" ಅಂದರು. ನಗುತ್ತಲೇ. ಆಮೇಲೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಕೂತರು. "ನನಗೂ ನಿನ್ನ ಥರ ಐಡಿಯಾ ಬರ್ತಿತ್ತು ಕಣೇ. ಹದಿಮೂರು ಮಂದಿ. ಒಬ್ಬೊಬ್ಬಳಿಗೂ ಒಂದೊಂದು ಕಡೆಯಿಂದ ಹೋಗ್ತಾ ಕೂತ್ರೆ ಸಂಜೆ ಆಗಲ್ಲ, ವರ್ಷ ಆಗತ್ತೆ."

ಅವರ ಸೊಂಟ ನೋಡಿದರೆ ಅಯ್ಯೋ ಅನಿಸಿತು. ದಿಂಬು ನೋಡಿದರೆ ಮೈ ಉರಿಯಿತು. ಎರಡೂ ಒಟ್ಟಿಗೆ.

ಆಗಸ್ಟ್ ೨೦, ಮಂಗಳವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಮೈ ಒರೆಸುವ ಹೊತ್ತು. ದೊಡ್ಡಕ್ಕ ಎರಡು ದಿನ ಜ್ವರದಲ್ಲಿ ಮಲಗಿ ಇವತ್ತೇ ಬಂದಿದ್ದರು. ನಾನು ಬಿಸಿನೀರಿನ ಬೇಸಿನ್ ತರಲು ಹೋಗಿದ್ದೆ. ಬರುವಷ್ಟರಲ್ಲಿ ದಿಂಬು ಆ ಕಡೆಗೆ ಹೋಗಿತ್ತು, ಅಜ್ಜಿಯನ್ನು ತಿರುಗಿಸಿ ಮಲಗಿಸಿಯಾಗಿತ್ತು. ದೊಡ್ಡಕ್ಕ ಎಡಗಡೆ ನಿಂತು ಒದ್ದೆ ಟವೆಲ್ ಅಜ್ಜಿಯ ಮುಖದ ಮೇಲೆ ಹಾಕುತ್ತಿದ್ದರು.

"ದೊಡ್ಡಕ್ಕ, ತಡೀರಿ" ಅಂದೆ. ತಡವಾಗಿತ್ತು. ಅಜ್ಜಿಯ ಬಲಗೈ ಗೋಡೆ ಬಿಟ್ಟು ಎದ್ದು ಬೀಸಿ ಬಂತು. ಮೂಗಿಗೇ ಬಿತ್ತು. ಮೂಳೆ ಮುರಿದ ಸದ್ದು ಬಾಗಿಲವರೆಗೂ ಕೇಳಿತು. ದೊಡ್ಡಕ್ಕನ ಬಾಯಿ, ಗದ್ದ, ಎದೆ ಎಲ್ಲಾ ಕೆಂಪು.

ದೊಡ್ಡಕ್ಕ ಕೂಗಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಮಂಡಿಯನ್ನು ಅಜ್ಜಿಯ ಎದೆ ಮೇಲೆ ಊರಿ, ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವ ಹಾಗೆ ತಿರುಚತೊಡಗಿದಳು. ನಿಧಾನವಾಗಿ. "ಇಪ್ಪತ್ತೆರಡು ವರ್ಷ" ಅನ್ನುತ್ತಿದ್ದಳು. "ಇಪ್ಪತ್ತೆರಡು ವರ್ಷ." ಟವೆಲ್ ಒಳಗಿನಿಂದ ಅಜ್ಜಿ ಯಾರು, ಯಾರು ಅನ್ನುತ್ತಿತ್ತು. ಆಮೇಲೆ ಹಸಿ ಕಡ್ಡಿ ಮುರಿದ ಹಾಗಾಯಿತು.

ನಾನು ಬೇಸಿನ್ ಎಸೆದೆ, ನೀರು ಸಮೇತ. ದೊಡ್ಡಕ್ಕನ ಕೂದಲಿಗೆ ಕೈ ಹಾಕಿ ಮಂಚದಿಂದ ಕೆಳಗೆ ಎಳೆದೆ. ಇಬ್ಬರೂ ಒದ್ದೆ ನೆಲದ ಮೇಲೆ ಬಿದ್ದೆವು. ಅವಳು ನನ್ನ ಗಂಟಲು ಹಿಡಿದಳು, ನಾನು ಅವಳ ತಲೆಯನ್ನು ನೆಲಕ್ಕೆ ಕುಟ್ಟಿದೆ, ಒಂದು, ಎರಡು. ಸೊಟ್ಟ ಕಿರುಬೆರಳು ನನ್ನ ಬಾಯಿಗೆ ಸಿಕ್ಕಿತು, ಕಚ್ಚಿದೆ. ಸುತ್ತ ಮೂರು ಮಂಚದ ಮುದುಕಿಯರು ಸದ್ದಿಲ್ಲದೆ ನೋಡುತ್ತಿದ್ದರು. ಇನ್ನೂ ಕುಟ್ಟುತ್ತಿದ್ದೆನೇನೋ. ಅವಳ ಕಣ್ಣು ನನ್ನನ್ನು ನೋಡುತ್ತಿತ್ತು. ಬಿಟ್ಟೆ.

ಇಬ್ಬರೂ ಗೋಡೆಗೆ ಒರಗಿ ಏದುಸಿರು ಬಿಡುತ್ತಾ ಕೂತೆವು. ದೊಡ್ಡಕ್ಕ ರಕ್ತ ಉಗಿದಳು.

"ಬಾತ್‌ರೂಮಲ್ಲಿ ಬಿದ್ದಳು, ನಾನು ಹಿಡಿಯಕ್ಕೆ ಹೋಗಿ ನಾನೂ ಬಿದ್ದೆ. ಹಾಗಂತ ಬರೀ" ಅಂದಳು.

"ಬರೆಯಲ್ಲ."

"ನಿನ್ನ ಕೈ ಕೆಲಸ ನಂಗೆ ಗೊತ್ತಿಲ್ವಾ? ಜೂನಿಂದ ನೋಡ್ತಿದೀನಿ. ನಾನು ಬಾಯಿ ಬಿಟ್ರೆ ಇಬ್ಬರೂ ಇವತ್ತೇ ಬೀದಿಗೆ. ನೀನು ಎಲ್ಲಿಗೆ ಹೋಗ್ತೀಯೇ? ಅಣ್ಣನ ಹತ್ರನಾ?"

ಅಣ್ಣನ ವಿಷಯ ಅವಳಿಗೆ ಹೇಳಿದ್ದು ನಾನೇ. ಚಹಾ ಕುಡಿಯುತ್ತಾ.

ವರದಿ ಪುಸ್ತಕ ತೆಗೆದು ಬರೆದೆ. ಮೂಲೆ ಮಂಚದವರು ಬಾತ್‌ರೂಮಿನಲ್ಲಿ ಕಾಲು ಜಾರಿ ಬಿದ್ದರು. ಕೆಳಗೆ ಸಹಿ ಹಾಕಿದೆ. ನಡೆಯಲಾಗದವಳು ಕಾಲು ಜಾರಿದಳಂತೆ. ಮೇಡಂ ಓದಿ, ತಲೆಯಾಡಿಸಿ, ಪುಸ್ತಕ ಮುಚ್ಚಿದರು.

ಆಗಸ್ಟ್ ೨೧, ಬುಧವಾರ

ಅಜ್ಜಿಯ ಕೈಗೆ ಮೊಣಕೈವರೆಗೆ ಪ್ಲಾಸ್ಟರ್. ತಿನ್ನಲು ಇದ್ದ ಒಂದೇ ಕೈ. ಈಗ ತುತ್ತು ನಾನೇ ಕೊಡುತ್ತೇನೆ. ದಿಂಬು ನನ್ನ ಕಡೆಯೇ ಇದೆ, ದೊಡ್ಡಕ್ಕ ಮುಟ್ಟಲಿಲ್ಲ. ಅವಳ ಮುಖ ಕುಂಬಳಕಾಯಿಯ ಹಾಗೆ ಊದಿದೆ. ಮಧ್ಯಾಹ್ನ ನನ್ನ ಪಕ್ಕದಲ್ಲಿ ಚಹಾ ತಂದಿಟ್ಟು ಹೋದಳು. ಕುಡಿಯಲಿಲ್ಲ.

"ಸೆಪ್ಟೆಂಬರ್ ಒಂದರಿಂದ ಖಾಯಂ ಮಾಡ್ತೀನಿ. ನಿನ್ನ ಬಗ್ಗೆ ದೊಡ್ಡಕ್ಕ ಒಳ್ಳೇ ಮಾತು ಹೇಳಿದಾರೆ" ಅಂದರು ಮೇಡಂ. ಮೇಲಿನ ಕೋಣೆ ತೋರಿಸಿದರು. ಕಿಟಕಿ ಇದೆ. ಚಿಲಕ ಗಟ್ಟಿಯಾಗಿದೆ, ಎರಡು ಸಲ ಹಾಕಿ ತೆಗೆದು ನೋಡಿದೆ.

ಆಗಸ್ಟ್ ೨೫, ಭಾನುವಾರ

ಮಗಳು ಬಂದಳು. ಪ್ಲಾಸ್ಟರ್ ನೋಡಿ ಅಲ್ಲೇ ನಿಂತುಬಿಟ್ಟಳು. ಮೇಡಂ ಪಕ್ಕದಲ್ಲೇ ಇದ್ದರು, ಬಾತ್‌ರೂಮು, ಜಾರಿದ್ದು, ವಯಸ್ಸು, ಎಲ್ಲಾ ಹೇಳಿದರು. ಮಗಳು ತಲೆಯಾಡಿಸಿದಳು. ಪಾಪ, ಬಡವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿದಳು.

"ಪುಣ್ಯಕ್ಕೆ ನೀನಿದ್ದೆ. ಇಲ್ಲದಿದ್ರೆ ಇನ್ನೇನಾಗ್ತಿತ್ತೋ."

ಅಷ್ಟೇ ಅಂದದ್ದು. ನನಗೆ ಎಲ್ಲಿತ್ತೋ ಸಿಟ್ಟು. ಅವಳ ಮೇಲೆ. ಇಷ್ಟು ಸುಲಭವಾಗಿ ಯಾಕೆ ನಂಬುತ್ತಾಳೆ ಅಂತ. ನಡೆಯಲಾಗದವಳು ಜಾರುವುದು ಹೇಗೆ ಅಂತ ಯಾಕೆ ಕೇಳುವುದಿಲ್ಲ ಅಂತ.

"ಜಾರಿಲ್ಲ" ಅಂದೆ. "ದೊಡ್ಡಕ್ಕ ತಿರುಚಿ ಮುರಿದದ್ದು. ಜಾರಿದ್ದು ಅಂತ ಬರೆದವಳು ನಾನು."

ಮೇಡಂ "ಏಯ್" ಅಂದರು. ಬಾಗಿಲ ಹತ್ತಿರ ದೊಡ್ಡಕ್ಕ ಹೊದಿಕೆ ಮಡಿಸುತ್ತಿದ್ದಳು. ಮಡಿಸುವುದು ನಿಲ್ಲಿಸಿದಳು, ಅಷ್ಟೇ. ಓಡಲಿಲ್ಲ, ಅಲ್ಲ ಅನ್ನಲಿಲ್ಲ.

"ನಾನೂ ಹೊಡೆದಿದೀನಿ" ಅಂದೆ. "ಐದು ಸಲ. ಮೊದಲ ನಾಲ್ಕು ಸಲ ಅವರು ನನ್ನನ್ನ ಹೊಡೆದ್ರು ಅಂತ. ಐದನೇದಕ್ಕೆ ಕಾರಣ ಇಲ್ಲ."

ಮಗಳು ನನ್ನ ಹತ್ತಿರ ಬಂದಳು. ಆಮೇಲೆ ಕೆನ್ನೆಗೆ ಹೊಡೆದಳು. ದಾರ ಎಳೆದೆಳೆದು ಗಟ್ಟಿಯಾದ ಕೈ, ಕಿವಿಯೊಳಗೆ ಗುಂಯ್ ಅಂತು. ಇನ್ನೊಂದು ಕೆನ್ನೆಗೂ ಹೊಡೆದಳು. ತುಟಿ ಒಡೆಯಿತು. ಮತ್ತೆ ಹೊಡೆದಳು. ಮೇಡಂ ನಡುವೆ ಬರುವವರೆಗೂ ಹೊಡೆದಳು.

ನನ್ನ ಮೇಲೆ ಕೈ ಮಾಡಿದವರಿಗೆ ಇದುವರೆಗೆ ನಾನು ಬಾಕಿ ಇಟ್ಟವಳಲ್ಲ. ಮೇಷ್ಟ್ರಾಗಲಿ, ಅಣ್ಣನಾಗಲಿ. ಇವತ್ತು ಕೈ ಯಾಕೋ ಏಳಲೇ ಇಲ್ಲ. ಬೆಳಿಗ್ಗೆಯಿಂದ ಹನ್ನೊಂದು ಜನರನ್ನು ಎತ್ತಿ ಮಲಗಿಸಿದ್ದೆ, ಸುಸ್ತಾಗಿರಬೇಕು.

ಮೇಡಂ ಇಬ್ಬರಿಗೂ ಸಂಜೆಯೊಳಗೆ ಜಾಗ ಖಾಲಿ ಮಾಡಲು ಹೇಳಿದರು. ದೊಡ್ಡಕ್ಕ ಹಿತ್ತಿಲ ಬಾಗಿಲಿನಿಂದ ಹೊರಟಳು, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು. ನನ್ನ ಹತ್ತಿರ ಬಂದಾಗ ನಿಂತಳು. "ಎಲ್ಲಿಗೆ ಹೋಗ್ತೀಯೇ" ಅಂದಳು. ಬೆದರಿಕೆಯ ದನಿಯಲ್ಲ, ಕೇಳುವ ದನಿ. ಗೊತ್ತಿಲ್ಲ ಅಂದೆ. "ನಂಗೂ" ಅಂದಳು.

ಸಾಮಾನಿನ ಕೋಣೆಯಲ್ಲಿ ಬ್ಯಾಗು ಕಟ್ಟುತ್ತಿರುವಾಗ ಕಬ್ಬಿಣ ಎಳೆಯುವ ಸದ್ದು ಕೇಳಿತು. ಹೋಗಿ ನೋಡಿದರೆ ಮಗಳು ಒಬ್ಬಳೇ ಅಜ್ಜಿಯ ಮಂಚವನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ನಿಲ್ಲಿಸಿದ್ದಳು. ನಾಳೆ ಬೆಳಿಗ್ಗೆ ಗಾಡಿ ತಂದು ಕರೆದುಕೊಂಡು ಹೋಗುತ್ತಾಳಂತೆ. ಎಲ್ಲಿ ಇಟ್ಟುಕೊಳ್ಳುತ್ತಾಳೋ, ಪಾಳಿಗೆ ಹೋದಾಗ ಯಾರು ನೋಡುತ್ತಾರೋ, ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಅವಳು ನನ್ನನ್ನು ದಾಟಿ ಮೇಡಂ ಹತ್ತಿರ ಕಾಗದ ಕೇಳಲು ಹೋದಳು.

ನಾನು ಬಲಗಡೆಯಿಂದ ಹೋಗಿ ನಿಂತೆ. ಅಜ್ಜಿ ನೋಡಿದಳು. ಪ್ಲಾಸ್ಟರ್ ಹಾಕಿದ ಕೈ ಎತ್ತಿ ನನ್ನ ಮುಖದ ಹತ್ತಿರ ತಂದಳು. ಕಣ್ಣು ಮುಚ್ಚಿದೆ. ಹೊರಗೆ ಕಾಣುವ ಬೆರಳ ತುದಿಯಿಂದ ಕೆನ್ನೆ ಉಜ್ಜಿದಳು, ಬಟ್ಟೆಯ ಸುಕ್ಕು ಬಿಡಿಸುವ ಹಾಗೆ.

"ಯಾರು ಹೊಡೆದ್ರು ನಿಂಗೆ?"

"ನಿಮ್ಮ ಮಗಳು" ಅಂದೆ.

"ನನ್ನ ಮಗಳು ಸುಮ್‌ಸುಮ್ನೆ ಕೈ ಮಾಡೋಳಲ್ಲ" ಅಂದಳು. "ನೀನೇ ಏನೋ ಮಾಡಿರ್ತೀಯ."

ಹೌದು ಅಜ್ಜಿ ಅಂದೆ.